ಗಟ್ಟಿ ಓದು, ಗುಂಪು ಓದು, ಪೆಟ್ಟಿಗೆ ಓದು: ಹೈಸ್ಕೂಲಿನಲ್ಲಿ ಯಾವುದು ನೆಲೆ ನಿಲ್ಲುತ್ತದೆ?

ಏಳನೇ ಕ್ಲಾಸಿನವರೆಗೆ ಮಕ್ಕಳ ಕತೆ. ಎಂಟಕ್ಕೆ ಕಾಲಿಟ್ಟ ಕೂಡಲೇ ದೊಡ್ಡವರ ಪ್ರಬಂಧ, ಹಳಗನ್ನಡ, ಛಂದಸ್ಸು. ನಡುವಿನ ಹದಿಮೂರು ಹದಿನಾಲ್ಕರ ವಯಸ್ಸಿಗೆಂದೇ ಕನ್ನಡದ ಪುಸ್ತಕದಂಗಡಿಯಲ್ಲಿ ಬೇರೆ ಕಪಾಟು ಕಾಣುವುದು ಅಪರೂಪ. ಹಾಗಾಗಿ ಈ ವಯಸ್ಸಿನವರಿಗೆ ಪೂರ್ತಿ ಪುಸ್ತಕ ಓದಿಸಬೇಕೆನ್ನುವ ಮೇಷ್ಟ್ರು ಎರಡು ಕಡೆಯಿಂದ ಹೆಕ್ಕಬೇಕಾಗುತ್ತದೆ: ಮಕ್ಕಳ ಕಾದಂಬರಿಗಳಲ್ಲಿ ತುಸು ಬಲಿತವು, ದೊಡ್ಡವರ ಕಾದಂಬರಿಗಳಲ್ಲಿ ಸರಾಗವಾಗಿ ಓಡುವಂಥವು. ಮೊದಲನೆಯದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. 2011ರ ಪುರಸ್ಕಾರ ಪಡೆದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’, 2021ರಲ್ಲಿ ಪಡೆದ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ಎರಡೂ ಆ ಪಟ್ಟಿಯವು. ಎರಡನೆಯ ಕಡೆಯಿಂದ ಎಲ್ಲರೂ ಮೊದಲು ಕೈ ಹಾಕುವುದು ತೇಜಸ್ವಿಯವರ 1980ರ ‘ಕರ್ವಾಲೊ’ಗೆ.

ಪುಸ್ತಕ ಹೆಕ್ಕಿದ ಮೇಲೆ ಅದನ್ನು ಓದಿಸುವುದು ಹೇಗೆ? ಮೂರು ದಾರಿಗಳನ್ನು ಎಂಟು ಮತ್ತು ಒಂಬತ್ತನೇ ತರಗತಿಗಳಲ್ಲಿ ಮಾಡಿ ನೋಡಿದ್ದರ ಹೋಲಿಕೆ ಇದು. 40 ನಿಮಿಷದ ಪೀರಿಯಡ್, 40ರ ಆಸುಪಾಸು ಮಕ್ಕಳು, ಕನ್ನಡ ಪ್ರಥಮ ಭಾಷೆ, ಮನೆಯಲ್ಲಿ ಪಠ್ಯ ಬಿಟ್ಟು ಬೇರೆ ಪುಸ್ತಕ ಇಲ್ಲದವರೇ ಹೆಚ್ಚು, ಇದನ್ನು ಲೆಕ್ಕಕ್ಕೆ ಹಿಡಿದು ಓದಿಕೊಳ್ಳಿ. ಹತ್ತನೇ ತರಗತಿಯ ಮಾತು ಬೇಡ. ಅಲ್ಲಿ ಡಿಸೆಂಬರ್ ಬಂತೆಂದರೆ ಹಳೆಯ ಪ್ರಶ್ನೆಪತ್ರಿಕೆಯದೇ ರಾಜ್ಯ.

ಗಟ್ಟಿ ಓದು

ಒಂದೇ ಪ್ರತಿ, ಅದು ಮೇಷ್ಟ್ರ ಕೈಯಲ್ಲಿ. ಖರ್ಚಿನ ದೃಷ್ಟಿಯಿಂದ ಇದಕ್ಕೆ ಎದುರಿಲ್ಲ. ಸಮಯದ ಲೆಕ್ಕವನ್ನು ಮಾತ್ರ ಮೊದಲೇ ಹಾಕಿಕೊಳ್ಳಬೇಕು. ಮಾಮೂಲಿ ಅಳತೆಯ ಪುಸ್ತಕದ ಒಂದು ಪುಟವನ್ನು ಹಿಂದಿನ ಬೆಂಚಿಗೂ ಕೇಳುವ ಹಾಗೆ, ಸಂಭಾಷಣೆಗೆ ತಡೆದು ಓದಿದರೆ ಎರಡೂಕಾಲು ನಿಮಿಷ ಬೇಕು. 120 ಪುಟಕ್ಕೆ ನಾಲ್ಕೂವರೆ ತಾಸು. ಒಂದು ಪೀರಿಯಡ್ಡಿನಲ್ಲಿ 25 ನಿಮಿಷಕ್ಕಿಂತ ಹೆಚ್ಚು ಓದಲಾಗುವುದಿಲ್ಲ. ಗಂಟಲಿಗೂ ಆಗದು, ಮಕ್ಕಳ ಕಿವಿಗೂ ಆಗದು. ಅಂದರೆ ಓದಿಗೇ 11 ಪೀರಿಯಡ್, ಮಾತುಕತೆ ಬರವಣಿಗೆಗೆ ಇನ್ನು ಮೂರು. ವಾರಕ್ಕೆ ಎರಡು ಪೀರಿಯಡ್ ಬಿಟ್ಟುಕೊಟ್ಟರೆ ಏಳು ವಾರ. ಜೂನ್ ಮೂರನೇ ವಾರ ಶುರುಮಾಡಿದರೆ ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಪುಸ್ತಕ ಮುಗಿಯುತ್ತದೆ.

ಸುಮ್ಮನೆ ಪುಸ್ತಕ ತೆರೆದು ಓದುತ್ತಾ ಹೋದರೆ ನಾಲ್ಕನೇ ದಿನಕ್ಕೆ ಆಕಳಿಕೆ ಶುರು. ಹಿಂದಿನ ದಿನವೇ ಪೆನ್ಸಿಲ್ ಹಿಡಿದು ಆ ಭಾಗವನ್ನು ಓದಿಕೊಂಡು ಮೂರೇ ಮೂರು ಕಡೆ ಗೆರೆ ಹಾಕಿಟ್ಟುಕೊಳ್ಳಬೇಕು: ಒಂದು ಕಡೆ ಮುಂದೇನಾಗಬಹುದು ಎಂದು ಕೇಳಲು, ಒಂದು ಕಡೆ ಬರೀ ಸುಮ್ಮನಿರಲು, ಕೊನೆಯದು ನಿಲ್ಲಿಸಲು. ನಿಲ್ಲಿಸುವ ಜಾಗವನ್ನು ಗಂಟೆಗೆ ಬಿಟ್ಟುಕೊಡಬಾರದು. ಅಧ್ಯಾಯ ಮುಗಿದಲ್ಲಿ ನಿಲ್ಲಿಸಿದರೆ ಮಕ್ಕಳು ಪುಸ್ತಕ ಮರೆತು ಆಟಕ್ಕೆ ಓಡುತ್ತಾರೆ. ಅಧ್ಯಾಯ ಮುಗಿಯುವುದಕ್ಕೆ ಅರ್ಧ ಪುಟ ಮುಂಚೆ ನಿಲ್ಲಿಸಿದರೆ ಸ್ಟಾಫ್ ರೂಮಿನ ಬಾಗಿಲಿಗೆ ಇಬ್ಬರಾದರೂ ಬರುತ್ತಾರೆ.

ಪದದ ಅರ್ಥ ಹೇಳುವುದರಲ್ಲೂ ಕೈ ಬಿಗಿ ಇರಲಿ. ಓದುವ ಮುಂಚೆ ನಾಲ್ಕು ಪದ, ಅಷ್ಟೇ; ನಡುವೆ ನಿಲ್ಲಿಸಿ ಅರ್ಥ ಹೇಳುವುದು ಊಟದ ನಡುವೆ ಕಲ್ಲು ಸಿಕ್ಕ ಹಾಗೆ. ಬೋರ್ಡಿನ ಎಡಮೂಲೆಯಲ್ಲಿ ಪಾತ್ರಗಳ ಹೆಸರು, ಯಾರಿಗೆ ಯಾರು ಏನಾಗಬೇಕು ಎಂಬುದು ಪುಸ್ತಕ ಮುಗಿಯುವವರೆಗೂ ಅಳಿಸದೆ ಇರಬೇಕು. ನಿನ್ನೆ ಬಾರದಿದ್ದವರಿಗೆ ಕತೆ ಹೇಳುವ ಎರಡು ನಿಮಿಷದ ಕೆಲಸ ಮಕ್ಕಳದ್ದು, ಮೇಷ್ಟ್ರದ್ದಲ್ಲ. ಯಾರಿಗೆ ಎಷ್ಟು ತಲೆಗೆ ಹೋಗಿದೆ ಎಂಬುದು ಆ ಎರಡು ನಿಮಿಷದಲ್ಲಿ ಗೊತ್ತಾಗುವಷ್ಟು ಕಿರುಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ.

ಯಾವ ಪೀರಿಯಡ್ ಎಂಬುದೂ ಮುಖ್ಯ. ಬಿಸಿಯೂಟ ಆದ ಕೂಡಲೇ ಓದಿದರೆ ಜೋಗುಳ ಹಾಡಿದಂತೆ. ದಿನದ ಕೊನೆಯ ಪೀರಿಯಡ್ ಬರವಣಿಗೆಗೆ ಕೆಲಸಕ್ಕೆ ಬಾರದು, ಗಟ್ಟಿ ಓದಿಗೆ ಚಿನ್ನದಂಥದ್ದು.

ಇದರ ದೊಡ್ಡ ಕೊರತೆ ಇಷ್ಟು: ಮಕ್ಕಳು ಕತೆ ಕೇಳುತ್ತಾರೆ, ಓದುವುದಿಲ್ಲ. ಪುಸ್ತಕ ಮುಗಿದ ಮೇಲೂ ತಡವರಿಸಿ ಓದುವ ಹುಡುಗ ಹಾಗೇ ತಡವರಿಸುತ್ತಾನೆ. ಆದರೆ ಕಾದಂಬರಿ ಎಂದರೆ ಏನು, ಇಷ್ಟುದ್ದ ಕತೆಯನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬುದು ಅವನಿಗೂ ಸಿಗುತ್ತದೆ. ಉಳಿದ ಎರಡು ದಾರಿಗಳಲ್ಲಿ ಅವನಿಗೆ ಅದು ಸಿಗುವುದಿಲ್ಲ.

ಗುಂಪು ಓದು

ಅಮೆರಿಕದಲ್ಲಿ 1990ರ ದಶಕದಲ್ಲಿ ಶಿಕ್ಷಣತಜ್ಞ ಹಾರ್ವೆ ಡೇನಿಯಲ್ಸ್ ಮೊದಲಾದವರು ಹಬ್ಬಿಸಿದ ‘ಲಿಟರೇಚರ್ ಸರ್ಕಲ್’ ತರಬೇತಿಗಳ ಮೂಲಕ ನಮ್ಮಲ್ಲಿಗೂ ಬಂದಿದೆ. ಐದು ಮಕ್ಕಳ ಗುಂಪು, ಒಬ್ಬೊಬ್ಬರಿಗೆ ಒಂದು ಪಾತ್ರ: ಒಬ್ಬರು ಪ್ರಶ್ನೆ ತರಬೇಕು, ಒಬ್ಬರು ಹೊಸ ಪದ, ಒಬ್ಬರು ಚಿತ್ರ, ಒಬ್ಬರು ತಮ್ಮ ಊರಿನ ಜೊತೆ ನಂಟು, ಒಬ್ಬರು ಮುಂದಿನ ಊಹೆ. ಕಾಗದದ ಮೇಲೆ ಚೆಂದ. ಮಾಡಲು ಹೊರಟರೆ ಮೊದಲ ಪೆಟ್ಟು ಪ್ರತಿಗಳದ್ದು.

40 ಮಕ್ಕಳಿಗೆ 8 ಗುಂಪು, ಗುಂಪಿಗೊಂದರಂತೆ 8 ಪ್ರತಿ ಸಾಕು ಎಂದುಕೊಂಡರೆ ಕೆಟ್ಟಿತು. ಒಂದು ಪುಸ್ತಕದ ಮೇಲೆ ಐದು ತಲೆ ಬಾಗಿದಾಗ ಓದುವವರು ಇಬ್ಬರು. ಒಬ್ಬಳು ತಲೆಕೆಳಗಾಗಿ ನೋಡುತ್ತಿರುತ್ತಾಳೆ, ಉಳಿದಿಬ್ಬರು ಕಿಟಕಿಯಾಚೆ. ಇಬ್ಬರಿಗೊಂದು, ಅಂದರೆ 20 ಪ್ರತಿ ಇಲ್ಲದೆ ಇದನ್ನು ಶುರುಮಾಡಬೇಡಿ. ಒಂದೇ ಪುಸ್ತಕದ 20 ಪ್ರತಿ ಹೊಂದಿಸುವುದು ಕಷ್ಟವಾದರೆ ತರಗತಿಯ ಅರ್ಧ ಮಕ್ಕಳಿಗೆ ಒಂದು ಪುಸ್ತಕ, ಇನ್ನರ್ಧಕ್ಕೆ ಇನ್ನೊಂದು ಕೊಟ್ಟು, ಆರು ವಾರದ ಬಳಿಕ ಅದಲುಬದಲು ಮಾಡಬಹುದು. ತಲಾ ಹತ್ತು ಪ್ರತಿ ಸಾಕು. ಮೊದಲು ಓದಿದವರು ಕೊನೆಯನ್ನು ಬಾಯಿಬಿಡುತ್ತಾರೆ, ಅದಕ್ಕೆ ಮದ್ದಿಲ್ಲ.

ಎರಡನೇ ಪೆಟ್ಟು ಆ ಪಾತ್ರಗಳದ್ದೇ. ಮೊದಲೆರಡು ಸಲ ಹುರುಪಿನಿಂದ ನಡೆಯುತ್ತದೆ. ಮೂರನೇ ಸಲಕ್ಕೆ ಪದ ತರಬೇಕಾದವನು ನಿಘಂಟಿನಿಂದ ಹತ್ತು ಪದ ಇಳಿಸಿಕೊಂಡು ಬಂದಿರುತ್ತಾನೆ, ಚಿತ್ರದವಳು ಮುಖಪುಟ ನೋಡಿ ಮರ ಬಿಡಿಸಿರುತ್ತಾಳೆ. ಇಬ್ಬರೂ ಪುಸ್ತಕ ಮುಟ್ಟಿಲ್ಲ. ಪಾತ್ರದ ಹಾಳೆಗಳು ಯಾಂತ್ರಿಕವಾಗುತ್ತವೆ ಎಂದು ಡೇನಿಯಲ್ಸ್ ಅವರೇ ಆಮೇಲೆ ಎಚ್ಚರಿಸಿದ್ದರು. ನಮ್ಮ ತರಬೇತಿಗಳಲ್ಲಿ ಆ ಭಾಗ ಮಾತ್ರ ಯಾಕೋ ಬಿಟ್ಟುಹೋಗುತ್ತದೆ. ಎರಡು ಸಲದ ಬಳಿಕ ಪಾತ್ರಗಳನ್ನು ಕೈಬಿಟ್ಟು ಎಲ್ಲರಿಗೂ ಒಂದೇ ಕೆಲಸ ಕೊಡುವುದು ವಾಸಿ: ಒಂದು ಗೆರೆ, ಒಂದು ಪ್ರಶ್ನೆ. ಇಷ್ಟವಾದ ಅಥವಾ ಸಿಟ್ಟು ಬರಿಸಿದ ಒಂದು ವಾಕ್ಯವನ್ನು ಪುಟಸಂಖ್ಯೆ ಸಮೇತ ಬರೆದು ತರಬೇಕು; ಉತ್ತರ ತನಗೇ ಗೊತ್ತಿಲ್ಲದ ಒಂದು ಪ್ರಶ್ನೆ ತರಬೇಕು. ಓದದೆ ಇವೆರಡನ್ನು ತರುವುದು ಕಷ್ಟ.

ಪೀರಿಯಡ್ಡಿನ ಹಂಚಿಕೆ ಹೀಗಿದ್ದರೆ ನಡೆಯುತ್ತದೆ: ಕೂರಲು ಮತ್ತು ನೆನಪಿಸಿಕೊಳ್ಳಲು 5 ನಿಮಿಷ, ಗುಂಪಿನ ಮಾತು 20, ಇಡೀ ತರಗತಿಗೆ ಎರಡು ಗುಂಪಿನ ಪ್ರಶ್ನೆ 10, ಮುಂದಿನ ಪುಟಗಳನ್ನು ಗೊತ್ತುಮಾಡಲು 5. ಸಲಕ್ಕೆ 20 ಪುಟ, ಅದಕ್ಕಿಂತ ಹೆಚ್ಚು ಬೇಡ. ಮನೆಯಲ್ಲಿ ಓದಿಬರುತ್ತಾರೆ ಎಂದು ನಂಬಿ ಕೂತರೆ ಗುಂಪಿನಲ್ಲಿ ಇಬ್ಬರಷ್ಟೇ ಓದಿರುತ್ತಾರೆ. ಅದಕ್ಕೇ ಮಾತಿನ ಪೀರಿಯಡ್ಡಿಗೊಂದರಂತೆ ಓದಿನ ಪೀರಿಯಡ್ಡನ್ನೂ ಕೊಡಬೇಕಾಗುತ್ತದೆ. 120 ಪುಟಕ್ಕೆ ಒಟ್ಟು 12 ಪೀರಿಯಡ್. ಅಲ್ಲಿಗೆ ಗಟ್ಟಿ ಓದಿಗಿಂತ ಉಳಿದದ್ದು ಎರಡೇ ಪೀರಿಯಡ್.

ಗುಂಪು ಕಟ್ಟುವಾಗ ಒಂದು ಸೂಕ್ಷ್ಮ. ಹುಡುಗ ಹುಡುಗಿಯರು ಬೇರೆ ಬೇರೆ ಸಾಲಿನಲ್ಲಿ ಕೂತು ರೂಢಿಯಾದ ತರಗತಿಯಲ್ಲಿ ನಾಲ್ವರು ಹುಡುಗರ ನಡುವೆ ಒಬ್ಬ ಹುಡುಗಿಯನ್ನು ಕೂರಿಸಿದರೆ ಅವಳು ಬಾಯಿ ತೆರೆಯುವುದಿಲ್ಲ. ಮೂವರು ಹುಡುಗಿಯರು, ಇಬ್ಬರು ಹುಡುಗರು, ಈ ಹೊಂದಾಣಿಕೆಯಲ್ಲಿ ಮಾತು ಬೇಗ ಸಡಿಲವಾಗುತ್ತದೆ. ಪಕ್ಕದ ಗಣಿತದ ಮೇಷ್ಟ್ರಿಗೂ ಮುಖ್ಯ ಶಿಕ್ಷಕರಿಗೂ ಮುಂಚೆಯೇ ಹೇಳಿಟ್ಟಿರಿ. ಎಂಟು ಗುಂಪು ಒಟ್ಟಿಗೆ ಮಾತಾಡಿದರೆ ಕಾರಿಡಾರಿನಲ್ಲಿ ಸಂತೆ ಕೇಳಿಸುತ್ತದೆ.

ಇಷ್ಟೆಲ್ಲ ತಾಪತ್ರಯದ ಮೇಲೂ ಒಂಬತ್ತನೇ ತರಗತಿಗೆ ಇದನ್ನೇ ಆರಿಸುತ್ತೇವೆ. ಮೇಷ್ಟ್ರ ಎದುರು ‘ಈ ಪಾತ್ರ ನನಗೆ ಹಿಡಿಸಲಿಲ್ಲ’ ಎನ್ನಲು ಹಿಂಜರಿಯುವ ಮಕ್ಕಳು ಓರಗೆಯವರ ಎದುರು ಧಾರಾಳವಾಗಿ ಹೇಳುತ್ತಾರೆ. ಹದಿಹರೆಯದ ಪುಸ್ತಕ ಓದಿಸುವುದೇ ಆ ಮಾತಿಗಾಗಿ.

ಪೆಟ್ಟಿಗೆ ಓದು

ಒಂದು ತಗಡಿನ ಟ್ರಂಕು, ಅದರಲ್ಲಿ ಮಕ್ಕಳ ಸಂಖ್ಯೆಯ ಒಂದೂವರೆ ಪಟ್ಟು ಪುಸ್ತಕ. 40 ಮಕ್ಕಳಿಗೆ 60. ವಾರಕ್ಕೆ ಮೂರು ದಿನ, ದಿನಕ್ಕೆ 15 ನಿಮಿಷ, ಯಾರಿಗೆ ಬೇಕಾದ್ದನ್ನು ಅವರು ಓದುವುದು. ಮೇಷ್ಟ್ರೂ ಓದಬೇಕು, ಆ ಹೊತ್ತಿನಲ್ಲಿ ಹಾಜರಿ ಪುಸ್ತಕ ತುಂಬುತ್ತಾ ಕೂತರೆ ಮಕ್ಕಳಿಗೆ ಸಂದೇಶ ತಲುಪಿಬಿಡುತ್ತದೆ. ಅರವತ್ತೂ ಕೊಳ್ಳಬೇಕಿಲ್ಲ. ಶಾಲೆಯ ಬೀರುವಿನಲ್ಲಿ ಬೀಗ ಹಾಕಿ ಕೂತವು, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಿಂದ ಎರವಲು ತಂದವು, ದಾನಿಗಳು ಕೊಟ್ಟವು ಸೇರಿದರೆ ಮುಕ್ಕಾಲು ಪೆಟ್ಟಿಗೆ ತುಂಬುತ್ತದೆ. ದಾನದ ಪುಸ್ತಕಗಳಲ್ಲಿ ಮಹಾಪುರುಷರ ಜೀವನಚರಿತ್ರೆ ವಿಪರೀತ ಇರುತ್ತವೆ. ಐದಕ್ಕಿಂತ ಹೆಚ್ಚು ಹಾಕಬೇಡಿ.

ಮಕ್ಕಳು ಮೊದಲು ಎತ್ತಿಕೊಳ್ಳುವುದು ತೆಳ್ಳಗಿನದನ್ನು, ಅಕ್ಷರ ದಪ್ಪಗಿರುವುದನ್ನು. ಲೋಕದ ವಿಸ್ಮಯಗಳನ್ನು ಹೇಳುವ ತೇಜಸ್ವಿಯವರ ಮಿಲೆನಿಯಂ ಸರಣಿಯ ಪುಸ್ತಕಗಳು ಒಂದು ತಿಂಗಳಲ್ಲಿ ಮೂಲೆ ಮಡಚಿ ಹಣ್ಣಾಗಿರುತ್ತವೆ. ಅದು ಕತೆಯಲ್ಲವಲ್ಲ ಎಂದು ಕೊರಗಬೇಕಿಲ್ಲ, ಓದುವ ರೂಢಿ ಬರಲಿ. ಹತ್ತು ಪುಟದ ಕಾಯಿದೆ ಇರಲಿ: ಹತ್ತು ಪುಟ ಓದಿಯೂ ಹಿಡಿಸದಿದ್ದರೆ ಕಾರಣ ಕೇಳದೆ ಬದಲಾಯಿಸಬಹುದು. ಈ ಅನುಮತಿ ಇಲ್ಲದಿದ್ದರೆ ಒಂದೇ ಪುಸ್ತಕ ಹಿಡಿದು ಎರಡು ತಿಂಗಳು ಕೂರುತ್ತಾರೆ.

ಎಡವುವುದು ಎಲ್ಲಿ ಎಂದರೆ ನಟನೆಯಲ್ಲಿ. ಕಣ್ಣು ಪುಟದ ಮೇಲೆ, ಮನಸ್ಸು ಕಬಡ್ಡಿಯಲ್ಲಿ. ಇದಕ್ಕೆ ಪುಸ್ತಕದ ವರದಿ ಬರೆಸುವುದು ಮದ್ದಲ್ಲ. ಬೆನ್ನುಡಿ ನಕಲು ಮಾಡುತ್ತಾರೆ. ಚಿಕ್ಕ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಸಾಕು: ತಾರೀಖು, ಪುಸ್ತಕ, ಎಷ್ಟರಿಂದ ಎಷ್ಟನೇ ಪುಟ, ಒಂದು ಸಾಲು. 15 ನಿಮಿಷಕ್ಕೆ ಆರೇಳು ಪುಟ ಸಹಜ. ಇದ್ದಕ್ಕಿದ್ದಂತೆ 30 ಎಂದು ಬರೆದವರ ಹತ್ತಿರ ಕೂತು ‘ಈಗ ಓದಿದ ಪುಟದಲ್ಲಿ ಯಾರ್ಯಾರು ಇದ್ದರು?’ ಎಂದು ಮೆಲ್ಲಗೆ ಕೇಳಿದರೆ ಸಾಕು. ದಿನಕ್ಕೆ ಮೂರು ಮಕ್ಕಳ ಹತ್ತಿರ ಮೂರು ಮೂರು ನಿಮಿಷ ಕೂತರೆ ಐದು ವಾರದಲ್ಲಿ ಇಡೀ ತರಗತಿ ಒಂದು ಸುತ್ತು ಬರುತ್ತದೆ.

ತಡವರಿಸುವ ಮಗುವಿನ ಓದು ನಿಜವಾಗಿ ಸುಧಾರಿಸುವುದು ಈ ದಾರಿಯಲ್ಲೇ. ಆದರೆ ಎಲ್ಲರೂ ಒಂದೇ ಪುಸ್ತಕ ಓದಿರುವುದಿಲ್ಲವಾದ್ದರಿಂದ ಚರ್ಚೆ ಏಳುವುದಿಲ್ಲ. ವರ್ಷಕ್ಕೆ ಏಳೆಂಟು ಪುಸ್ತಕ ಮಾಯವಾಗುತ್ತವೆ ಎಂದೂ ಮೊದಲೇ ಒಪ್ಪಿಕೊಂಡಿರಬೇಕು. ದಂಡ ಹಾಕಿದರೆ ಪುಸ್ತಕದ ಜೊತೆ ಓದುಗರೂ ಮಾಯ.

ಮೂರರಲ್ಲೂ ಕೆಡುವ ಒಂದು ಜಾಗ

ಓದು ಹೇಗೇ ನಡೆಯಲಿ, ಕೊನೆಗೆ ಕೇಳುವ ಪ್ರಶ್ನೆ ಕೆಟ್ಟರೆ ಎಲ್ಲ ಕೆಟ್ಟಿತು. ‘ಕರ್ವಾಲೊ’ ಮುಗಿಸಿ ‘ಈ ಕಾದಂಬರಿಯಿಂದ ನೀವು ಕಲಿತ ನೀತಿ ಏನು?’ ಎಂದು ಕೇಳಿ ನೋಡಿ. ನಲವತ್ತು ಉತ್ತರಪತ್ರಿಕೆಯಲ್ಲೂ ‘ನಾವು ಪರಿಸರವನ್ನು ಉಳಿಸಬೇಕು’ ಎಂದಿರುತ್ತದೆ. ಓದದವರೂ ಅದನ್ನೇ ಬರೆಯಬಲ್ಲರು. ಅದರ ಬದಲು ಕಾದಂಬರಿಯ ಹಳ್ಳಿಗ ಮಂದಣ್ಣ, ಅವನ ಜೊತೆ ಹಾರುವ ಓತಿ ಹುಡುಕುವ ವಿಜ್ಞಾನಿ ಕರ್ವಾಲೊ ಇವರನ್ನು ಹಿಡಿದು ‘ಮಂದಣ್ಣ ನಿಮ್ಮ ಕ್ಲಾಸಿನಲ್ಲಿದ್ದಿದ್ದರೆ ಎಷ್ಟು ಮಾರ್ಕ್ಸ್ ತೆಗೆಯುತ್ತಿದ್ದ? ಅಷ್ಟು ಓದಿದ ಕರ್ವಾಲೊ ಅವನ ಬೆನ್ನು ಬಿಡದಿರುವುದು ಯಾಕೆ?’ ಎಂದು ಕೇಳಿದರೆ ಮೊದಲು ನಗು, ಆಮೇಲೆ ಜಗಳ. ಅವನು ಫೇಲು ಎನ್ನುವವರು, ಪರೀಕ್ಷೆಯೇ ಸರಿಯಿಲ್ಲ ಎನ್ನುವವರು. ‘ಹಾರುವ ಓತಿ ಕೊನೆಗೂ ಕೈಗೆ ಸಿಗುವುದಿಲ್ಲ, ಸಿಕ್ಕಿದ್ದರೆ ಕತೆ ಇನ್ನೂ ಚೆನ್ನಾಗಿರುತ್ತಿತ್ತೇ?’ ಎಂಬುದು ಇನ್ನೊಂದು. ಉತ್ತರಕ್ಕೆ ಒಂದೇ ಷರತ್ತು, ಪುಸ್ತಕದ ಒಂದು ಪುಟ ತೋರಿಸಿ ಮಾತಾಡಬೇಕು. ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಇದನ್ನೇ ದಾಖಲಿಸಬಹುದು, ಬೇರೆ ಪ್ರಾಜೆಕ್ಟು ಬೇಕಿಲ್ಲ.

ಪುಸ್ತಕ ನೆಲಕ್ಕೆ ಹೊಂದುತ್ತದೆಯೇ ಎಂದೂ ನೋಡಬೇಕು. ಮಲೆನಾಡಿನ ಮಕ್ಕಳು ‘ಕರ್ವಾಲೊ’ದ ಮೊದಲ ಪುಟದಿಂದಲೇ ಒಳಗಿರುತ್ತಾರೆ, ರಾಯಚೂರು, ಕಲಬುರಗಿ ಕಡೆ ಅದೇ ಪುಸ್ತಕವನ್ನು ಗುಂಪಿಗೆ ಬಿಟ್ಟರೆ ಮಲೆನಾಡಿನ ಮಾತು, ಕಾಡಿನ ವಿವರಗಳಲ್ಲಿ ಸಿಕ್ಕಿಕೊಳ್ಳುತ್ತಾರೆ. ಅಲ್ಲಿ ಗಟ್ಟಿ ಓದೇ ಸರಿ, ದನಿಯ ಏರಿಳಿತ ಅರ್ಧ ಅರ್ಥ ದಾಟಿಸುತ್ತದೆ. ಪ್ರೇಮ, ಕುಡಿತ, ಜಾತಿ ಬಂದಲ್ಲಿ ಪುಟ ಹಾರಿಸುವ ಚಟ ಬೇಡ. ಹಾರಿಸಿದ ಪುಟವನ್ನು ಮಕ್ಕಳು ಅವತ್ತೇ ಹುಡುಕಿ ಓದುತ್ತಾರೆ. ಪೋಷಕರ ಸಭೆಯಲ್ಲಿ ಪುಸ್ತಕವನ್ನು ಮೇಜಿನ ಮೇಲಿಟ್ಟಿದ್ದರೆ ದೂರು ಬರುವುದು ಕಡಿಮೆ.

ಇಷ್ಟರ ಮೇಲೆ ನಮ್ಮ ಆಯ್ಕೆ: ಎಂಟನೇ ತರಗತಿಯಲ್ಲಿ ಜೂನ್‌ನಿಂದ ಗಟ್ಟಿ ಓದು, ದಸರಾ ರಜೆ ಮುಗಿಸಿ ಬಂದ ಮೇಲೆ ಪೆಟ್ಟಿಗೆ. ಅದೇ ಮಕ್ಕಳು ಒಂಬತ್ತಕ್ಕೆ ಬಂದಾಗ ಗುಂಪು, ಪೆಟ್ಟಿಗೆ ಮುಂದುವರಿಯುತ್ತದೆ. ಒಂಬತ್ತರಲ್ಲಿ ನೇರವಾಗಿ ಗುಂಪಿನಿಂದ ಶುರುಮಾಡಬೇಕಾಗಿ ಬಂದರೆ ಮೊದಲ 20 ಪುಟವನ್ನಾದರೂ ಮೇಷ್ಟ್ರು ಗಟ್ಟಿಯಾಗಿ ಓದಿಕೊಡಬೇಕು. ಪುಸ್ತಕ ಕೈಬಿಡುವವರು ಬಿಡುವುದು ಬಹುಪಾಲು ಆ ಇಪ್ಪತ್ತು ಪುಟದೊಳಗೇ.