ನಾಲ್ಕು ಪದ್ಧತಿ, ಒಂದು ಮನೆ, ರಾತ್ರಿ ಒಂಬತ್ತೂವರೆ

ಬಸವೇಶ್ವರನಗರದಲ್ಲಿ ನಮ್ಮದು ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಅತ್ತೆ, ನಮ್ಮ ಯಜಮಾನರು, ಏಳನೇ ಕ್ಲಾಸಿನ ಮಗಳು, ನಾನು. ನನ್ನ ಆಫೀಸ್ ಮಾರತಹಳ್ಳಿ ಕಡೆ. ಏಳೂವರೆಗೆ ಮನೆ ಸೇರಿದರೆ ಅವತ್ತು ಒಳ್ಳೆ ದಿನ. ಹಾಗಾಗಿ ‘ಸಂಜೆ ಹೊತ್ತು ಮನೆ ಓರಣ ಮಾಡಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ನಮ್ಮ ಸಂಜೆ ಶುರುವಾಗುವುದೇ ರಾತ್ರಿ ಊಟ ಆದ ಮೇಲೆ.

ಆದರೂ ಜೂನ್‌ನಿಂದ ನಾಲ್ಕು ಪದ್ಧತಿ ಮಾಡಿ ನೋಡಿದೆವು. ಒಂದೊಂದಕ್ಕೆ ಮೂರು ವಾರ. ಮಾಡಿದ ರಾತ್ರಿಗೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಒಂದು ಟಿಕ್. ಮನೆ ಎಷ್ಟು ಫಳಫಳ ಅಂತ ನಾನು ನೋಡಲಿಲ್ಲ. ಸುಸ್ತಾದ ರಾತ್ರಿಯೂ ಕೆಲಸ ಆಯಿತಾ, ಮರುದಿನ ಬೆಳಗ್ಗೆ ಆರರಿಂದ ಏಳೂವರೆ ತನಕದ ಓಡಾಟ ಸ್ವಲ್ಪ ಹಗುರ ಆಯಿತಾ, ಇಷ್ಟೇ ನನ್ನ ಲೆಕ್ಕ.

ಮೊದಲೇ ಪೊರಕೆ ವಿಷಯ ಹೇಳಿಬಿಡುತ್ತೇನೆ. ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ನಮ್ಮತ್ತೆ ನಂಬುತ್ತಾರೆ. ಕರೆಂಟಿಲ್ಲದ ಕಾಲದಲ್ಲಿ ಬುಡ್ಡಿ ದೀಪದ ಬೆಳಕಲ್ಲಿ ಗುಡಿಸಿದರೆ ಮೂಗುಬೊಟ್ಟೋ ಓಲೆಯ ತಿರುಪೋ ಕಸದ ಜೊತೆ ಹೋಗುತ್ತಿತ್ತೇನೋ, ಅದಕ್ಕೇ ಈ ಮಾತು ಬಂದಿರಬೇಕು ಎನ್ನುವುದು ನನ್ನ ಊಹೆ. ವಾದಕ್ಕೆ ಹೋಗಲಿಲ್ಲ. ನಾಲ್ಕೂ ಪದ್ಧತಿಯಿಂದ ಪೊರಕೆಯನ್ನು ಹೊರಗಿಟ್ಟೆವು. ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ಮೊದಲು ಮಾಡಿದ್ದು ಟೈಮರ್. ಇಟಲಿಯ ಫ್ರಾನ್ಚೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಓದಲು ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಮುಂದಿಟ್ಟುಕೊಂಡು ಕೂತನಲ್ಲ, ಅದೇ ಉಪಾಯ. ಅವನ ಪದ್ಧತಿಯಲ್ಲಿ 25 ನಿಮಿಷ. ನಮಗೆ ಅದು ಜಾಸ್ತಿ, 15 ಇಟ್ಟೆವು. ಒಂಬತ್ತೂವರೆಗೆ ಫೋನ್ ಒತ್ತಿದ ಕೂಡಲೇ ನಾಲ್ಕೂ ಜನ ಏಳಬೇಕು. ಮೊದಲ ವಾರ ಹಬ್ಬದ ಹಾಗಿತ್ತು. ಮಗಳಿಗಂತೂ ಆಟ. ಎರಡನೇ ವಾರ ಇವರಿಗೆ ಫ್ಯಾಕ್ಟರಿಯಿಂದ ಫೋನ್, ಅವಳಿಗೆ ಟೆಸ್ಟ್, ನನಗೆ ಆಫೀಸಿನ ಕಾಲ್. ಎಲ್ಲರೂ ಒಟ್ಟಿಗೆ ಏಳುವುದರಿಂದಲೇ ಇದು ನಡೆಯುತ್ತದೆ, ಒಬ್ಬರು ಏಳದಿದ್ದರೆ ಅಲ್ಲೇ ಬೀಳುತ್ತದೆ. ‘ನಾನೊಬ್ಬಳೇ ಯಾಕೆ’ ಎಂದು ಮುಖ ಊದಿಸಿಕೊಳ್ಳುವವರ ಪೈಕಿ ನಾನೂ ಒಬ್ಬಳು. ಇನ್ನೊಂದು ತೊಂದರೆ, ಗಡಿಯಾರ ಓಡುತ್ತಿದ್ದರೆ ಜನ ಕಣ್ಣಿಗೆ ಕಾಣುವ ಕೆಲಸಕ್ಕೇ ಕೈ ಹಾಕುತ್ತಾರೆ. ಹಾಲ್ ಲಕಲಕ, ದಿವಾನಿನ ಕೆಳಗೆ ಎಲ್ಲಾ ತುರುಕಿದ್ದು, ಸಿಂಕ್‌ನಲ್ಲಿ ಮುಸುರೆ ಹಾಗೇ. 21 ರಾತ್ರಿಯಲ್ಲಿ 11 ಟಿಕ್.

ಬುಟ್ಟಿ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲ್ಲೇಶ್ವರದ 8ನೇ ಕ್ರಾಸಿನಿಂದ ಚೆಂದದ ಬಿದಿರು ಬುಟ್ಟಿ ತಂದೆ. ಬಿದ್ದಿದ್ದನ್ನೆಲ್ಲ ಅದಕ್ಕೆ ತುಂಬಿ, ಕೋಣೆ ಕೋಣೆಗೆ ಹೊತ್ತು, ಅದರದರ ಜಾಗದಲ್ಲಿ ಇಡಬೇಕು. ತುಂಬುವುದು ಐದೇ ನಿಮಿಷ. ಇಡುವುದು ಮಾತ್ರ ‘ನಾಳೆ ಮಾಡೋಣ’. ಆರನೇ ದಿನ ಬುಟ್ಟಿಯಲ್ಲಿ ರಿಮೋಟು, ಮೆಟ್ರೋ ಕಾರ್ಡು, ಅರ್ಧ ಖಾಲಿ ಮಾತ್ರೆ ಶೀಟು, ಕರೆಂಟ್ ಬಿಲ್ಲು, ಸಹಿ ಹಾಕಬೇಕಿದ್ದ ಮಗಳ ಡೈರಿ. ಡೈರಿ ಅಲ್ಲಿದೆ ಅಂತ ಗೊತ್ತಾಗಿದ್ದು ಸ್ಕೂಲ್ ವ್ಯಾನ್ ಹೋದ ಮೇಲೆ. ಈಗ ಆ ಬುಟ್ಟಿಯಲ್ಲಿ ಈರುಳ್ಳಿ ಇದೆ.

ಮೂರನೆಯದು ಯಜಮಾನರದ್ದು. ಅವರು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅಲ್ಲಿ ಗೋಡೆ ತುಂಬ ‘5 ಎಸ್’ ಬೋರ್ಡು. ಜಪಾನಿನ ಕಾರ್ಖಾನೆಗಳಿಂದ ಬಂದ ಐದು ಮಾತು: ಸೇರಿ, ಸೇಟೋನ್, ಸೇಸೋ, ಸೇಕೆತ್ಸು, ಶಿತ್ಸುಕೆ. ಇಲ್ಲಿ ಸೇರಿ ಅಂದರೆ ಸೇರಿಸುವುದಲ್ಲ, ಬೇಡದ್ದನ್ನು ಬೇರೆ ಮಾಡುವುದು! ಉಳಿದವು ಜಾಗ ಗೊತ್ತು ಮಾಡುವುದು, ಒರೆಸುವುದು, ಎಲ್ಲ ಕಡೆ ಒಂದೇ ಕ್ರಮ ಇಡುವುದು, ಅದನ್ನೇ ರೂಢಿ ಮಾಡಿಕೊಳ್ಳುವುದು. ಒಂದು ಭಾನುವಾರ ಹಳದಿ ಟೇಪ್ ತಂದು ಶೆಲ್ಫಿನ ಮೇಲೆ ಮಿಕ್ಸಿ ಜಾರ್‌ಗಳಿಗೆ ಜಾಗ ಗುರುತು ಮಾಡಿದರು. ಕತ್ತರಿಗೊಂದು ಮೊಳೆ, ಅದರ ಹಿಂದೆ ಕತ್ತರಿಯದೇ ಚಿತ್ರ. ಬಳಸದ ಸಾಮಾನಿಗೆ ಕೆಂಪು ಚೀಟಿ ಅಂಟಿಸುವುದು ಫ್ಯಾಕ್ಟರಿ ಕ್ರಮ. ಇವರು ಹೋಗಿ ಹೋಗಿ ಅಂಟಿಸಿದ್ದು ಅತ್ತೆಯ ಚಕ್ಕುಲಿ ಒರಳಿಗೆ.

ಅತ್ತೆ ಏನೂ ಮಾತಾಡಲಿಲ್ಲ. ಚೀಟಿ ಕಿತ್ತು, ಸಜ್ಜೆ ಮೇಲೆ ವರ್ಷಗಳಿಂದ ಮಲಗಿದ್ದ ಮಗನ ಕ್ಯಾರಂ ಬೋರ್ಡಿಗೆ ಅಂಟಿಸಿದರು. ಗೋಕುಲಾಷ್ಟಮಿಗೆ ಅದೇ ಒರಳಿನಲ್ಲಿ ಚಕ್ಕುಲಿ ಒತ್ತಿದರು. ಕ್ಯಾರಂ ಬೋರ್ಡ್ ಇನ್ನೂ ಅಲ್ಲೇ ಇದೆ.

ನ್ಯಾಯವಾಗಿ ಹೇಳಬೇಕೆಂದರೆ 5 ಎಸ್ ಕೆಟ್ಟದ್ದಲ್ಲ. ಕತ್ತರಿ ಹುಡುಕುವುದು ನಮ್ಮ ಮನೆಯಲ್ಲಿ ನಿಂತೇಹೋಗಿದೆ, ಬೀಗದ ಕೈ ಕೂಡ. ಆದರೆ ಅದು ರಾತ್ರಿ ಮಾಡುವ ಕೆಲಸವಲ್ಲ, ರಜೆ ದಿನ ಕೂತು ಮಾಡುವ ಕೆಲಸ. ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿದಾಗ ನೋಡಲು ಒಬ್ಬ ಮೇಲ್ವಿಚಾರಕ ಇರುತ್ತಾನೆ. ಮನೆಯಲ್ಲಿ ಆ ಮೇಲ್ವಿಚಾರಕ ಹತ್ತು ಗಂಟೆಗೆ ಸೋಫಾ ಮೇಲೆ ಗೊರಕೆ ಹೊಡೆಯುತ್ತಿರುತ್ತಾನೆ. ಒಂಬತ್ತು ಟಿಕ್.

ಆಗ ಅತ್ತೆ ಅಂದರು, “ನೀವೆಲ್ಲ ಹಾಲ್ ಒಂದನ್ನೇ ನೋಡ್ತೀರಲ್ಲಮ್ಮ. ಬೆಳಗ್ಗೆ ಎದ್ದವರು ಮೊದಲು ಹೋಗೋದು ಒಲೆ ಹತ್ರ ತಾನೆ?”

ಅವರ ತವರು ಗುಬ್ಬಿ ಹತ್ತಿರದ ಹಳ್ಳಿ. ಅಲ್ಲಿ ಮುಸುರೆ ಇಟ್ಟು ಯಾರೂ ಮಲಗುತ್ತಿರಲಿಲ್ಲವಂತೆ. ಒಲೆ ಸಾರಿಸಿ, ಅದರ ಮೇಲೆ ಎರಡೆಳೆ ರಂಗೋಲಿ ಎಳೆದ ಮೇಲೇ ದಿನ ಮುಗಿಯುವುದು. ನಾವು ಅದನ್ನೇ ಗ್ಯಾಸ್ ಒಲೆಗೆ ಇಳಿಸಿಕೊಂಡೆವು. ಹಾಲ್ ಹೇಗಾದರೂ ಇರಲಿ, ಅಡುಗೆಮನೆ ಮಾತ್ರ ಬೆಳಗ್ಗೆಗೆ ತಯಾರಿರಬೇಕು.

ಮುದ್ದೆ ಪಾತ್ರೆಗೆ ಊಟಕ್ಕೆ ಕೂರುವ ಮುಂಚೆಯೇ ನೀರು. ಊಟ ಮುಗಿಯುವಷ್ಟರಲ್ಲಿ ತಳದ ಹಿಟ್ಟು ಮೆತ್ತಗಾಗಿ ಎದ್ದಿರುತ್ತದೆ. ಒಣಗಲು ಬಿಟ್ಟಿರೋ, ಉಗುರೇ ಹೋಗುತ್ತದೆ. ಕೊನೆಗೆ ಹಾಲು ಕಾಯಿಸಿ ಇಳಿಸಿ, ಒಲೆ ಇನ್ನೂ ಬೆಚ್ಚಗಿರುವಾಗಲೇ ಒದ್ದೆ ಬಟ್ಟೆ ಎಳೆಯಬೇಕು. ಉಕ್ಕಿದ ಹಾಲಿನ ಕಲೆ ಒಂದೇ ಏಟಿಗೆ ಬರುತ್ತದೆ. ಬೆಳಗ್ಗೆ ನೋಡೋಣ ಅಂದರೆ ಅದು ಹಪ್ಪಳದ ಹಾಗೆ ಅಂಟಿ ಕೂತಿರುತ್ತದೆ. ಆ ಬಟ್ಟೆಯನ್ನು ಒಗೆದು, ಹಿಂಡಿ, ನಲ್ಲಿಯ ಮೇಲೆ ಅಗಲವಾಗಿ ಹರವಬೇಕು. ಉಂಡೆ ಮಾಡಿ ಬಿಟ್ಟರೆ ರಾತ್ರಿಯೆಲ್ಲ ಒದ್ದೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಬೆಳಗ್ಗೆ ಗಬ್ಬು ವಾಸನೆ.

ಆಮೇಲೆ ಕಸ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಬೆಂಗಳೂರಿಗೆ ಎರಡು ಡಬ್ಬ, ಒಂದು ಚೀಲ ಅಂತ ಗೊತ್ತು ಮಾಡಿತಲ್ಲ: ಹಸಿ ಕಸಕ್ಕೆ ಹಸಿರು, ಪ್ಯಾಡ್, ಡೈಪರ್ ತರಹದ್ದಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಬೆಳಗ್ಗೆ ಕಸದ ಆಟೋ ಬೀದಿ ತಿರುವಿಗೆ ಬಂದಾಗ ನೈಟಿ ಮೇಲೆ ದುಪಟ್ಟಾ ಹಾಕಿಕೊಂಡು ಓಡುತ್ತಾ ಕಾಫಿ ಚರಟ ಬೇರೆ, ಹಾಲಿನ ಕವರ್ ಬೇರೆ ಮಾಡುವ ಪಾಡು ನನ್ನದಾಗಿತ್ತು. ಈಗ ರಾತ್ರಿಯೇ ಬೇರೆ ಮಾಡಿ ಬಾಗಿಲ ಹತ್ತಿರ ಇಡುತ್ತೇವೆ. ಜಿರಳೆ ರಾತ್ರಿ ಹೊತ್ತು ನೀರು, ಎಂಜಲು ಹುಡುಕಿಕೊಂಡು ಬರುವ ಪ್ರಾಣಿ. ಔಷಧಿ ಏನೂ ಬದಲಿಸಿಲ್ಲ, ಆದರೂ ಲೈಟ್ ಹಾಕಿದಾಗ ಓಡುವವರ ಸಂಖ್ಯೆ ಇಳಿದಿದೆ.

ಹನ್ನೆರಡರಿಂದ ಹದಿನೆಂಟು ನಿಮಿಷ ಹಿಡಿಯುತ್ತದೆ. ಒಬ್ಬರೇ ಇದ್ದರೂ ಆಗುತ್ತದೆ, ಟೈಮರಿಗಿಂತ ಇದು ಗೆದ್ದಿದ್ದು ಅಲ್ಲೇ. ವಾರಕ್ಕೆ ಮೂರು ರಾತ್ರಿ ನಾನು, ಮೂರು ರಾತ್ರಿ ಇವರು, ಭಾನುವಾರ ಮಗಳು ಪಾತ್ರೆ, ನಾನು ಒಲೆ. ಅತ್ತೆಗೆ ರಜೆ, ಆದರೆ ಬಂದು ನೋಡಿ ಹೋಗುತ್ತಾರೆ. 21ರಲ್ಲಿ 19. ತಪ್ಪಿದ ಎರಡರಲ್ಲಿ ಒಂದು ರಾತ್ರಿ ತುಮಕೂರಿಗೆ ಮದುವೆಗೆ ಹೋಗಿದ್ದೆವು, ಇನ್ನೊಂದು ರಾತ್ರಿ ನನಗೆ ಜ್ವರ.

ಇದರ ದೋಷವೂ ಹೇಳಬೇಕಲ್ವಾ? ಯಾರಾದರೂ ಹೇಳದೆ ಕೇಳದೆ ಮನೆಗೆ ಬಂದರೆ ಮಾನ ಹೋಗುತ್ತದೆ. ಅದಕ್ಕೆ ಶನಿವಾರ ಮಾತ್ರ ಹಾಲ್‌ಗೆ ಟೈಮರ್ ಇಡುತ್ತೇವೆ. ವಾರಕ್ಕೊಮ್ಮೆ ಅಂದರೆ ಎಲ್ಲರೂ ಏಳುತ್ತಾರೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ದಿನವೂ ಟೈಮರ್ ನಡೆಯಬಹುದು. ಬುಟ್ಟಿ, ಚಿಕ್ಕ ಮಕ್ಕಳ ಆಟದ ಸಾಮಾನಿಗಷ್ಟೇ ಸರಿ, ಅವಕ್ಕೆ ಹೋಗಬೇಕಾದ ಜಾಗ ಒಂದೇ ಇರುತ್ತಲ್ಲ.

ಇದನ್ನು ಬರೆಯುವಾಗ ರಾತ್ರಿ ಹತ್ತೂ ಹತ್ತು. ಸಿಂಕ್ ಖಾಲಿ, ಒಲೆ ಒರೆಸಿದೆ. ಹಾಲ್‌ನಲ್ಲಿ ಕುರ್ಚಿ ಮೇಲೆ ಮೂರು ದಿನದ ಮಡಚದ ಬಟ್ಟೆ ಗುಡ್ಡ. ಕ್ಯಾರಂ ಬೋರ್ಡಿನ ಕೆಂಪು ಚೀಟಿ ತಂದು ಮಗಳು ಅದಕ್ಕೆ ಅಂಟಿಸಿದ್ದಾಳೆ.