ಲಿಪೋಸೋಮ್‌ಗೆ 10 ಲೀಟರ್ ಎಕ್ಸ್‌ಟ್ರೂಡರ್: ಒತ್ತಡ ಸರಿ, ಬಿಸಿ ಸಾಲದು

ಕೋಲಾರದ ಕಡೆ ಲಿಪೋಸೋಮ್ (ಔಷಧ ತುಂಬುವ, ಲಿಪಿಡ್ ಅಂದರೆ ಕೊಬ್ಬಿನಂಥ ಪದಾರ್ಥದ ಅತಿ ಸಣ್ಣ ಗುಳ್ಳೆ) ಇಂಜೆಕ್ಷನ್‌ಗೆ ಪೈಲಟ್ ಲೈನ್ ಹಾಕುವವರಿಗಾಗಿ ಈ ವಿಮರ್ಶೆ. ಎಕ್ಸ್‌ಟ್ರೂಡರ್ ಎಂದರೆ ಈ ಗುಳ್ಳೆಗಳನ್ನು ಸಣ್ಣ ರಂಧ್ರದ ಮೆಂಬ್ರೇನ್ ಮೂಲಕ ಒತ್ತಡದಿಂದ ಹಾಯಿಸಿ ಬೇಕಾದ ಗಾತ್ರಕ್ಕೆ ಇಳಿಸುವ ಯಂತ್ರ. ಯಂತ್ರ ಇಲ್ಲೇ ಫ್ಯಾಬ್ರಿಕೇಶನ್ ಮಾಡಿಸಿದ್ದು: 316ಎಲ್ ಸ್ಟೀಲ್, ಜಾಕೆಟ್ ಇರುವ 10 ಲೀಟರ್ ಪಾತ್ರೆ, 142 ಮಿ.ಮೀ. ಮೆಂಬ್ರೇನ್ ಹೋಲ್ಡರ್. ಎಚ್‌ಎಸ್‌ಪಿಸಿ (ಸೋಯಾದಿಂದ ಬರುವ ಮುಖ್ಯ ಲಿಪಿಡ್), ಕೊಲೆಸ್ಟ್ರಾಲ್, ಪೆಗ್-ಡಿಎಸ್‌ಪಿಇ (ಪೆಗ್ ಪಾಲಿಮರ್ ಜೋಡಿಸಿದ ಲಿಪಿಡ್) ಮೂರನ್ನೂ ಬಿಸಿ ಎಥನಾಲ್‌ನಲ್ಲಿ ಕರಗಿಸಿ, 250 ಮಿಲಿಮೋಲಾರ್ ಅಮೋನಿಯಂ ಸಲ್ಫೇಟ್‌ಗೆ ಸುರಿದು ಓಡಿಸಿದ್ದೇವೆ. ಕೊಳ್ಳಬಹುದಾದ ಯಂತ್ರವೇ, ಆದರೆ ಈಗಿರುವ ರೂಪದಲ್ಲಿ ಬೇಡ.

ಒತ್ತಡದ ವಿಷಯದಲ್ಲಿ ದೂರಿಲ್ಲ. ನೈಟ್ರೋಜನ್‌ನಲ್ಲಿ 30 ಬಾರ್ ಕೊಟ್ಟರೂ ಓ-ರಿಂಗ್ ಸೋರಲಿಲ್ಲ. ವೆಲ್ಡಿಂಗ್ ಅಚ್ಚುಕಟ್ಟು.

ತೊಡಕು ಬಿಸಿಯದು. ಜಾಕೆಟ್ ಪಾತ್ರೆಯ ಮೈಗೆ ಮಾತ್ರ ಇದೆ. ಮೆಂಬ್ರೇನ್ ಕೂರುವ ತಳದ ತಟ್ಟೆಗೆ ಇಲ್ಲ. ಎಚ್‌ಎಸ್‌ಪಿಸಿ ಬಿಗಿ ಬಿಟ್ಟು ಸಡಿಲವಾಗುವುದು 52–55 ಡಿಗ್ರಿಯಲ್ಲಿ, ಅದಕ್ಕೇ 65ರಲ್ಲಿ ಓಡಿಸುವುದು. ಪಾತ್ರೆಯ ಸೆನ್ಸರ್ 65 ತೋರಿಸುತ್ತಿದ್ದರೂ ದಪ್ಪ ತಟ್ಟೆ ಶಾಖ ಹೀರಿಕೊಂಡು, ಮೊದಲು ಇಳಿಯುವ ದ್ರವ ಅಲ್ಲೇ ತಣ್ಣಗಾಗುತ್ತದೆ. ಲಿಪಿಡ್ ರಂಧ್ರದ ಬಾಯಲ್ಲಿ ಕಟ್ಟಿಕೊಂಡು ಹರಿವು ತೊಟ್ಟಿಕ್ಕುವ ಮಟ್ಟಕ್ಕೆ ಬರುತ್ತದೆ. ಆಪರೇಟರ್ ಒತ್ತಡ ಏರಿಸಿದರೆ ಮೆಂಬ್ರೇನ್ ಹರಿದುಹೋಗುತ್ತದೆ. ಗೇಜಿನ ಮುಳ್ಳು ತಟ್ಟನೆ ಬಿದ್ದು, ನೀಲಿ ಛಾಯೆಯಲ್ಲಿ ಬರುತ್ತಿದ್ದ ದ್ರವ ಹಾಲಿನ ಬಿಳುಪಿಗೆ ತಿರುಗಿತೆಂದರೆ ಹರಿದಿದೆ ಎಂದೇ ಅರ್ಥ, ಕೂಡಲೇ ನಿಲ್ಲಿಸಿ. ತಟ್ಟೆಗೂ ಜಾಕೆಟ್, ಮೆಂಬ್ರೇನ್‌ನ ಕೆಳಗೊಂದು ಸೆನ್ಸರ್ ಬೇಕೇ ಬೇಕು. ಅದು ಬರುವ ತನಕ 65 ಡಿಗ್ರಿಯ ಬಫರ್ ಹಾಯಿಸಿ, ತಟ್ಟೆ ಕಾದ ಮೇಲೆಯೇ ಲಿಪಿಡ್ ಬಿಡಿ.

ಜಾಕೆಟ್‌ಗೆ ನಮ್ಮ ಸೀಮೆಯ ಕೊಳವೆಬಾವಿ ನೀರು ಹಾಕಲೇಬೇಡಿ. ಗಡಸು ನೀರಿನ ಸುಣ್ಣ ಒಳಗೋಡೆಗೆ ಹತ್ತಿದರೆ ಶಾಖ ದಾಟುವುದಿಲ್ಲ, ತೆಗೆಯುವ ದಾರಿಯೂ ಸುಲಭವಿಲ್ಲ. ಡಿಎಂ (ಖನಿಜ ತೆಗೆದ) ನೀರು ಹಾಕಿ.

ಮಾರುವವರು ಹೇಳದ ಲೆಕ್ಕ ಇನ್ನೊಂದಿದೆ. ಲ್ಯಾಬಿನಲ್ಲಿ 25 ಮಿ.ಮೀ. ಮೆಂಬ್ರೇನ್‌ನಲ್ಲಿ 10 ಮಿ.ಲೀ. ಓಡಿಸುತ್ತೇವೆ. 142 ಮಿ.ಮೀ.ಗೆ ಬಂದರೆ ವಿಸ್ತೀರ್ಣ ಹೆಚ್ಚುವುದು ಸುಮಾರು 32 ಪಟ್ಟು, 10 ಲೀಟರ್‌ಗೆ ಬಂದರೆ ದ್ರವ ಹೆಚ್ಚುವುದು 1000 ಪಟ್ಟು. ಪ್ರತಿ ಚದರ ಸೆಂ.ಮೀ. ಮೇಲೆ 30 ಪಟ್ಟು ಹೊರೆ. ಹಾಗಾಗಿ ನೇರ 100 ನ್ಯಾನೋಮೀಟರ್ ರಂಧ್ರದ ಮೆಂಬ್ರೇನ್‌ಗೆ ಹಾರದೆ 400, 200, 100 ಎಂದು ಇಳಿಯಿರಿ. ಬ್ಯಾಚಿನ ನಡುವೆ ಮೆಂಬ್ರೇನ್ ಬದಲಿಸಲು ಸಮಯ ಇಟ್ಟುಕೊಳ್ಳಿ. ಪಾಲಿಕಾರ್ಬೊನೇಟ್ ಮೆಂಬ್ರೇನ್‌ನ ಹೊಳೆಯುವ ಮುಖ ಮೇಲಿರಲಿ, ಅಡಿಗೆ ಪಾಲಿಯೆಸ್ಟರ್ ಡ್ರೈನ್ ಡಿಸ್ಕ್ ಇರಲಿ. ಪ್ರತಿ ಪಾಸ್ ಆದಮೇಲೆ ಡಿಎಲ್‌ಎಸ್ (ಬೆಳಕು ಚದುರುವುದರಿಂದ ಕಣದ ಗಾತ್ರ ಅಳೆಯುವ ಪರೀಕ್ಷೆ) ನೋಡಿ, ಪಿಡಿಐ (ಗಾತ್ರದಲ್ಲಿನ ಏರುಪೇರಿನ ಅಳತೆ) 0.1ರ ಆಸುಪಾಸಿಗೆ ಬಂದು ನಿಂತರೆ ಮತ್ತೆ ಓಡಿಸುವುದು ದಂಡ. ಸುಮ್ಮನೆ ಬಿಸಿಯಲ್ಲಿಟ್ಟಷ್ಟೂ ಲೈಸೋ ಲಿಪಿಡ್ (ಲಿಪಿಡ್ ಒಡೆದು ಆಗುವ ಪದಾರ್ಥ) ಹೆಚ್ಚುತ್ತದೆ.

ಜೊತೆಗೆ ಕೊಡುವ ಟಿಎಫ್‌ಎಫ್ (ದ್ರವವನ್ನು ಮೆಂಬ್ರೇನ್‌ನ ಮೈಗುಂಟ ಹರಿಸಿ ಸೋಸುವ) ಘಟಕ ಚೆನ್ನಾಗಿದೆ. 10 ಶೇಕಡಾ ಸುಕ್ರೋಸ್ ದ್ರಾವಣದಿಂದ 7 ಪಟ್ಟು ಡಯಾಫಿಲ್ಟ್ರೇಷನ್ (ಸೋಸುತ್ತಾ ಹೊಸ ದ್ರಾವಣ ಸೇರಿಸಿ ಹೊರಗಿನ ದ್ರವ ಬದಲಿಸುವುದು) ಮಾಡಿದರೆ ಹೊರಗಿನ ಅಮೋನಿಯಂ ಸಲ್ಫೇಟ್ ಲೆಕ್ಕದ ಪ್ರಕಾರ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಉಳಿಯುತ್ತದೆ. ಇಲ್ಲಿ ಅವಸರ ಮಾಡಿದರೆ ಲಿಪೋಸೋಮ್‌ನ ಒಳಗೂ ಹೊರಗೂ ಅಮೋನಿಯಂ ಸಲ್ಫೇಟ್‌ನಲ್ಲಿ ಇರಬೇಕಾದ ಅಂತರ ಸಾಲದೆ, ತುಂಬಬೇಕಾದ ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್ ಪೂರ್ತಿ ಒಳಸೇರುವುದಿಲ್ಲ. ಹೊರಗೆ ಉಪ್ಪು ಎಷ್ಟು ಉಳಿದಿದೆ ಎಂದು ನೋಡುವ ಕಂಡಕ್ಟಿವಿಟಿ ಮೀಟರ್ ಮಾತ್ರ ಬೇರೆ ಕೊಳ್ಳಬೇಕು.

ಸ್ಟೀಲಿನ ಸರ್ಟಿಫಿಕೇಟ್, ಒಳಮೈ ನುಣುಪಿನ ವರದಿ, ಒತ್ತಡ ಪರೀಕ್ಷೆಯ ದಾಖಲೆ ಯಂತ್ರದ ಜೊತೆಗೇ ಕೇಳಿ ಪಡೆಯಿರಿ. ಇವಿಲ್ಲದೆ ಕ್ವಾಲಿಫಿಕೇಶನ್ (ಯಂತ್ರ ಬಳಕೆಗೆ ಯೋಗ್ಯವೆಂದು ದಾಖಲೆ ಸಮೇತ ಖಚಿತಪಡಿಸುವ ಕೆಲಸ) ಮುಂದೆ ಸಾಗದು. ತಳದ ತಟ್ಟೆಯ ಜಾಕೆಟ್ ಡ್ರಾಯಿಂಗ್‌ನಲ್ಲಿ ಕಾಣುವವರೆಗೆ ಮುಂಗಡ ಕೊಡಬೇಡಿ.