ಬನ್ನಿಮಂಟಪದ ಒಂದು ಗ್ಯಾರೇಜು: ಮಿಸ್ಸಿಂಗ್ ಹಿಡಿದ ರೀತಿ, ಮರೆತ ಗ್ಯಾಸ್ಕೆಟ್

ನನ್ನ 2017ರ ಮಾಡೆಲ್ ಸೆಕೆಂಡ್ ಹ್ಯಾಂಡ್ ಕಾರನ್ನು ನೋಡಲು ಮಂಡ್ಯಕ್ಕೆ ಹೋದದ್ದು ಮಧ್ಯಾಹ್ನ ಮೂರು ಗಂಟೆಗೆ. ಮಾರುವವರು ಅಷ್ಟರಲ್ಲಿ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದ್ದರು. ಬಾನೆಟ್ ಬಿಸಿಯಾಗಿತ್ತು, ಆ ಬಿಸಿಯನ್ನು ನಾನು ಬಿಸಿಲಿನ ಲೆಕ್ಕಕ್ಕೆ ಹಾಕಿಕೊಂಡೆ. ಮರುದಿನ ಬೆಳಿಗ್ಗೆ ಕುವೆಂಪುನಗರದ ಮನೆಯ ಮುಂದೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಅರ್ಧ ನಿಮಿಷ ಕೆಮ್ಮಿ, ನಡುಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಯಿತು. ಹದಿನೈದು ದಿನದೊಳಗೆ ಚಾಮುಂಡಿ ಬೆಟ್ಟ ಹತ್ತುವಾಗ ಇಂಜಿನ್ ದೀಪ ಮಿಟುಕತೊಡಗಿತು. ಆ ದೀಪ ಒಂದೇ ಸಮನೆ ಉರಿದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಟುಕಿದರೆ, ಉರಿಯದ ಪೆಟ್ರೋಲು ಹೊಗೆಯ ದಾರಿಗೆ ಹರಿದು, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸುತ್ತಿದೆ ಎಂದು ತಿಳಿದು ಗಾಡಿಯನ್ನು ಬದಿಗೆ ಹಾಕಬೇಕು.

ಮೊದಲು ಹೋದ ಗ್ಯಾರೇಜಿನಲ್ಲಿ ಏನನ್ನೂ ಪರೀಕ್ಷಿಸದೆ ನಾಲ್ಕೂ ಪ್ಲಗ್ ಬದಲಾಯಿಸಿದರು, ಟ್ಯಾಂಕಿಗೆ ಇಂಜೆಕ್ಟರ್ ಕ್ಲೀನರ್ ಸುರಿದರು, ಕೊನೆಗೆ ಹೈಡ್ರೋಜನ್ ಯಂತ್ರ ಹಚ್ಚಿ ‘ಡಿಕಾರ್ಬ್’ (ಮಸಿ ತೆಗೆಯುವ ಕೆಲಸ) ಎಂದು ಬಿಲ್ಲು ಕೊಟ್ಟರು. ಒಟ್ಟು 7,800 ರೂಪಾಯಿ ಹೋಯಿತು, ನಡುಕ ಹೋಗಲಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ನಿಡಘಟ್ಟದವರೆಗೆ ಒಮ್ಮೆ ಎಳೆದರೆ ಮಸಿಯೆಲ್ಲ ಹಾರಿಹೋಗುತ್ತದೆ ಎಂದ ಗೆಳೆಯರ ಮಾತನ್ನೂ ನಡೆಸಿಕೊಟ್ಟೆ. ಟೋಲ್ ಕಟ್ಟಿದ್ದಷ್ಟೇ ಬಂತು.

ಈ ಬರಹ ಅದಾದ ಮೇಲೆ ಹೋದ, ಬನ್ನಿಮಂಟಪದ ಒಳರಸ್ತೆಯಲ್ಲಿ ತಗಡಿನ ಮಾಡಿನ ಕೆಳಗಿರುವ ಸಣ್ಣ ಗ್ಯಾರೇಜಿನ ಬಗ್ಗೆ. ಅಲ್ಲಿನ ಮೇಸ್ತ್ರಿ ಬಾನೆಟ್ ಎತ್ತುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: ಮಿಸ್ಸಿಂಗ್ ಹೊಡೆಯುವುದು, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ತಪ್ಪುವುದು, ಇಂಜಿನ್ ತಣ್ಣಗಿದ್ದಾಗಲೋ, ಎಳೆತದಲ್ಲೋ? ಎರಡರಲ್ಲೂ ಎಂದೆ. ‘ಹಾಗಾದರೆ ಕಾಯಿಲೆಯೂ ಎರಡು ಇರಬಹುದು’ ಎಂದರು.

ಸ್ಕ್ಯಾನರ್ ಪಿ0300 ಮತ್ತು ಪಿ0302 ಎಂಬ ಎರಡು ಕೋಡ್ ತೋರಿಸಿತು. ಮೊದಲನೆಯದು ಯಾವ ಸಿಲಿಂಡರ್ ಎಂದು ಹೇಳದ ಬಿಡಿಬಿಡಿ ಮಿಸ್ಸಿಂಗ್; ಎರಡನೆಯದು ಎರಡನೇ ಸಿಲಿಂಡರನ್ನು ಬೊಟ್ಟು ಮಾಡುತ್ತದೆ. ಸಾಮಾನ್ಯವಾಗಿ ಇಲ್ಲಿಗೇ, ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಕಾಯಿಲನ್ನು ಹೊಸದಾಗಿ ತರಿಸಿಬಿಡುತ್ತಾರೆ. ಇವರು ಹಾಗೆ ಮಾಡದೆ ಎರಡನೇ ಸಿಲಿಂಡರಿನ ಕಾಯಿಲನ್ನು ಕಳಚಿ ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ ತಂದು, ಕೋಡ್ ಅಳಿಸಿ, ನನ್ನನ್ನೇ ಕೂರಿಸಿಕೊಂಡು ರಿಂಗ್ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಎಳೆಸಿದರು. ಹತ್ತು ನಿಮಿಷದಲ್ಲಿ ಪಿ0303 ಬಂತು. ದೋಷ ಕಾಯಿಲಿನ ಜೊತೆಗೇ ನಡೆದುಹೋಗಿತ್ತು. ಕೋಡ್ ಎರಡರಲ್ಲೇ ಉಳಿದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕಡೆ ತಿರುಗಬೇಕಿತ್ತು. ಕೆಟ್ಟ ಕಾಯಿಲಿನ ರಬ್ಬರ್ ಬೂಟಿನ ಮೇಲೆ ಕೂದಲೆಳೆಯಷ್ಟು ತೆಳುವಾದ ಬಿಳಿಯ ಗೆರೆಯೊಂದಿತ್ತು, ಕಿಡಿ ಹೊರಗೆ ಹಾರಿದ ದಾರಿ. ಅದನ್ನು ಉಗುರಿನಿಂದ ತೋರಿಸಿಯೇ ಹೊಸದನ್ನು ಹಾಕಿದರು.

ಬೆಳಗಿನ ನಡುಕ ಮಾತ್ರ ಉಳಿಯಿತು. ಅದಕ್ಕಾಗಿ ಗಾಡಿಯನ್ನು ರಾತ್ರಿ ಅಲ್ಲೇ ಬಿಡಿಸಿಕೊಂಡು, ಬೆಳಿಗ್ಗೆ ತಣ್ಣನೆಯ ಇಂಜಿನನ್ನು ತಾವೇ ಸ್ಟಾರ್ಟ್ ಮಾಡಿ ನೋಡಿದರು. ಹೊಗೆ ಬಿಟ್ಟು ನೋಡಿದಾಗ ಗಾಳಿಯ ಸೋರಿಕೆ ಕಾಣಲಿಲ್ಲ. ಕಂಪ್ರೆಷನ್ ನಾಲ್ಕರಲ್ಲೂ 165ರಿಂದ 172 ಪಿಎಸ್‌ಐ ಒಳಗಿತ್ತು. ರಿಂಗು, ವಾಲ್ವು ಸರಿಯಿವೆ ಎಂದು ಸಮಾಧಾನವಾಯಿತು. ಆಮೇಲೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಕ್ಯಾಮೆರಾ ಇಳಿಸಿದರು. ವಾಲ್ವಿನ ಬೆನ್ನ ಮೇಲೆ ಕಂಡದ್ದು, ವರ್ಷಗಟ್ಟಲೆ ಬೋಂಡ ಕರಿದು ಉಜ್ಜದೆ ಬಿಟ್ಟ ಬಾಣಲೆಯ ಅಂಚಿನಂಥ, ಗಂಟುಗಂಟಾದ ಕಪ್ಪು ಕಿಟ್ಟ. ನಾನು ದುಡ್ಡು ಕೊಟ್ಟು ಮಾಡಿಸಿದ ‘ಡಿಕಾರ್ಬ್’ ಸುದ್ದಿ ಅದಕ್ಕೆ ತಲುಪಿಯೇ ಇರಲಿಲ್ಲ.

ಕಾರಣ ಇಂಜಿನ್ನಿನ ರಚನೆಯಲ್ಲೇ ಇದೆ. ಹಿಂದಿನ ಬಗೆಯ ಇಂಜಿನ್‌ಗಳಲ್ಲಿ ಪೆಟ್ರೋಲು ಇನ್‌ಟೇಕ್ ವಾಲ್ವಿನ ಹಿಂದೆಯೇ ಸಿಂಪಡಣೆಯಾಗುವುದರಿಂದ ಒಳಗೆ ಹೋಗುತ್ತಾ ಆ ವಾಲ್ವನ್ನು ತೊಳೆಯುತ್ತಿರುತ್ತದೆ; ನನ್ನ ಕಾರಿನಂಥ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನಿನಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿಗೇ ಬೀಳುತ್ತದೆ, ವಾಲ್ವಿನ ಬೆನ್ನಿಗೆ ಸಿಗುವುದು ಕ್ರ್ಯಾಂಕ್‌ಕೇಸಿನಿಂದ ಮರಳಿ ಬರುವ ಆಯಿಲ್ ಆವಿ ಮಾತ್ರ, ಅದು ಬಿಸಿಗೆ ಸುಟ್ಟು ಪದರ ಪದರವಾಗಿ ಕಟ್ಟುತ್ತದೆ. ಹೀಗಾಗಿ ಟ್ಯಾಂಕಿಗೆ ಎಷ್ಟು ಬಾಟಲಿ ಸುರಿದರೂ ಆ ಜಾಗಕ್ಕೆ ಒಂದು ಹನಿಯೂ ಮುಟ್ಟುವುದಿಲ್ಲ.

ಸ್ವಚ್ಛ ಮಾಡಿದ್ದು ಅಕ್ರೋಟಿನ ಚಿಪ್ಪಿನ ಪುಡಿಯಿಂದ. ಗಾಳಿಯ ಒತ್ತಡದಲ್ಲಿ ಅದನ್ನು ವಾಲ್ವಿಗೆ ಹೊಡೆಯುತ್ತಾರೆ. ಕಿಟ್ಟ ಉದುರುತ್ತದೆ, ಲೋಹಕ್ಕೆ ಗೀರು ಬೀಳುವುದಿಲ್ಲ. ಆದರೆ ಹೊಡೆಯುವ ಸಿಲಿಂಡರಿನ ಇನ್‌ಟೇಕ್ ವಾಲ್ವುಗಳು ಪೂರ್ತಿ ಮುಚ್ಚಿರಲೇಬೇಕು, ಇಲ್ಲವಾದರೆ ಪುಡಿ ಒಳಗಿಳಿಯುತ್ತದೆ. ಮೇಸ್ತ್ರಿ ಪ್ರತಿ ಸಲವೂ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿ, ಟಾರ್ಚ್ ಹಿಡಿದು ನೋಡಿ, ಆಮೇಲಷ್ಟೇ ಗನ್ ಒತ್ತಿದ್ದನ್ನು ನಿಂತು ನೋಡಿದ್ದೇನೆ.

ಇನ್ನು ದೂರು. ಮೂರು ದಿನ ಎಂದವರು ಆರು ದಿನ ತೆಗೆದುಕೊಂಡರು. ನಡುವೆ ಅವರಾಗಿ ಒಂದು ಫೋನೂ ಇಲ್ಲ. ಅದಕ್ಕಿಂತ ದೊಡ್ಡದು, ಮ್ಯಾನಿಫೋಲ್ಡನ್ನು ಹಳೆಯ ಗ್ಯಾಸ್ಕೆಟ್ (ಗಾಳಿ ಸೋರದಂತೆ ಸಂದಿ ಮುಚ್ಚುವ ಪಟ್ಟಿ) ಮೇಲೆಯೇ ಕೂರಿಸಿದ್ದು. ಗಾಡಿ ಮನೆಗೆ ತಂದ ಐದನೇ ದಿನಕ್ಕೆ ಬಾನೆಟ್ ಒಳಗಿಂದ ಸಣ್ಣ ಸಿಳ್ಳೆ ಕೇಳಿಸಿತು, ಐಡ್ಲಿಂಗ್ ಏರಿಳಿಯತೊಡಗಿತು. ತಕರಾರಿಲ್ಲದೆ, ಕೂಲಿ ಕೇಳದೆ ಹೊಸ ಗ್ಯಾಸ್ಕೆಟ್ ಹಾಕಿಕೊಟ್ಟರು ನಿಜ; ಆದರೆ ಕೂದಲೆಳೆಯ ಗೆರೆಯನ್ನು ಕಂಡ ಕಣ್ಣಿಗೆ ಸವೆದ ಗ್ಯಾಸ್ಕೆಟ್ ಕಾಣಲಿಲ್ಲವೇ ಎಂಬ ಬೇಸರ ನನಗಿನ್ನೂ ಇದೆ. ಕಾಯಿಲ್ ಸೇರಿ ಬಿಲ್ಲು 16,400 ರೂಪಾಯಿ ಆಯಿತು, ಚಿಪ್ಪಿನ ಕೆಲಸಕ್ಕೇ 9,500. ಅಗ್ಗವಲ್ಲ, ಆದರೆ ಕೊಟ್ಟ ಪ್ರತಿ ರೂಪಾಯಿ ಯಾವುದಕ್ಕೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಎರಡು ತಿಂಗಳಾಯಿತು, ಬೆಳಗಿನ ನಡುಕ ಮರಳಿಲ್ಲ. ಕಿಟ್ಟ ಮತ್ತೆ ಕಟ್ಟುತ್ತದೆ ಎಂದು ಅವರೇ ಹೇಳಿದ್ದಾರೆ. ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ, ದೇವರಾಜ ಮಾರ್ಕೆಟ್ಟಿನವರೆಗಿನ ಗಿಡ್ಡ ಓಡಾಟಕ್ಕೆಲ್ಲ ಕಾರು ತೆಗೆಯದಿದ್ದರೆ ನಿಧಾನವಾಗಿ ಕಟ್ಟೀತು. ಅಲ್ಲಿಗೆ ಹೋಗುವವರು ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಬರಲಿ, ಹೊಸ ಗ್ಯಾಸ್ಕೆಟ್ ಬೇಕೆಂದು ಮೊದಲೇ ಬರೆಸಲಿ.